ಅತ್ತಿಗೆಯ ಹಳೇ ಟೇಪು

ಅಳತೆಯ ಟೇಪನ್ನು ಕಸದ ಬುಟ್ಟಿಗೆ ಎಸೆದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅತ್ತಿಗೆಯನ್ನು ಆಡಿಕೊಳ್ಳಬಾರದು.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ನನಗಿಂತ ಎರಡೇ ವರ್ಷ ದೊಡ್ಡವಳು, ಅದಕ್ಕೇ ಈ ಏಕವಚನ. ಗಂಡಸರ ಉಡುಪಿನ ಅಂಗಡಿಯೊಂದರಲ್ಲಿ ಹದಿನಾಲ್ಕು ವರ್ಷ ಕಾಜ ಹೊಲಿದು ಗುಂಡಿ ಹಚ್ಚಿದವಳು. ಹೆಂಗಸರ ಸಮವಸ್ತ್ರ ಬಂದರೆ ಅಲ್ಲಿನ ಮಾಲೀಕ ಗಂಡಸರ ಅಳತೆಯನ್ನೇ ಎರಡಿಂಚು ಕಡಿಮೆ ಮಾಡಿ ಕತ್ತರಿಸುತ್ತಿದ್ದ. "ಹೆಂಗಸ್ರ ಮೈ ಏನು ಗಂಡಸ್ರ ಮೈಯಿಂದ ಉಳಿದ ತುಂಡಾ?" ಎಂದು ಒಂದು ದಿನ ಮುಖಕ್ಕೆ ಹೊಡೆದಂತೆ ಕೇಳಿ ಕೆಲಸ ಬಿಟ್ಟು ಬಂದಳು. ನಾವೆಲ್ಲ ಬೆಪ್ಪಾಗಿ ಕೂತೆವು.

ವರ್ಷ ತುಂಬುವುದರೊಳಗೆ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಆರು ಮಿಷನ್ನು, ನಾನೂ ಸೇರಿ ಎಂಟು ಹೆಂಗಸರು. ಗಿರಣಿ ಓಡಿದರೆ ನೆಲ ನಡುಗುತ್ತದೆ. ಸೂಜಿಗೆ ದಾರ ಪೋಣಿಸಲು ಗಿರಣಿಯವನು ಊಟಕ್ಕೆ ಏಳುವುದನ್ನೇ ಕಾಯಬೇಕು. ಅಲ್ಲಿಂದಲೇ ದಾದಿಯರಿಗೆ, ಕಾವಲಿನ ಹೆಂಗಸರಿಗೆ ಅವರವರ ಮೈಗೊಪ್ಪುವ, ಜೇಬಿರುವ ಸಮವಸ್ತ್ರ ಹೋಗತೊಡಗಿತು. ಬಾಯಿಂದ ಬಾಯಿಗೆ ಸುದ್ದಿ ಹರಡಿ ಬಸ್ ಡಿಪೋದಿಂದ ಕರೆ ಬಂತು: ನಲವತ್ತು ಮಹಿಳಾ ಕಂಡಕ್ಟರುಗಳಿಗೆ ಕೋಟು. ಹೊಂದಿದರೆ ಎಲ್ಲ ಡಿಪೋಗಳಿಗೂ ಅತ್ತಿಗೆಯದೇ ಹೊಲಿಗೆ. ಹೊಂದದಿದ್ದರೆ ಮತ್ತೆ ಗಂಡಸರ ಕೋಟೇ ಗತಿ.

ಅತ್ತಿಗೆ ಡಿಪೋಗೆ ಹೋಗಿ ಒಬ್ಬೊಬ್ಬರನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಬಂದಳು. ಕತ್ತರಿಸುವ ದಿನ ನಾನು ನೋಡುತ್ತೇನೆ, ಅವಳ ಟೇಪಿನ ಅಂಚು ಜೂಲುಜೂಲು, ಅಂಕಿಗಳೆಲ್ಲ ಅಳಿಸಿಹೋಗಿವೆ. ಇಂಥ ದೊಡ್ಡ ಕೆಲಸಕ್ಕೆ ಇಂಥ ದರಿದ್ರ ಟೇಪೇ ಎಂದು ಅದನ್ನು ಎಸೆದು ಹೊಸದು ತಂದಿಟ್ಟೆ. "ನಿಂಗೆ ಈಗ್ಲಾದ್ರೂ ಬುದ್ಧಿ ಬಂತಲ್ಲೇ," ಎಂದು ಅತ್ತಿಗೆ ನಕ್ಕಳು. ನಾನು ಉಬ್ಬಿಹೋದೆ.

ಕೋಟು ತೊಟ್ಟು ನೋಡುವ ದಿನ ನಲವತ್ತೂ ಮಂದಿ ನಮ್ಮ ಕೋಣೆಗೇ ಬಂದರು. ಮೊದಲು ತೊಟ್ಟವಳು ದಪ್ಪ ಮೈಯ ಹಿರಿಯ ಕಂಡಕ್ಟರು. ಎಲ್ಲರೂ ಅವಳನ್ನು 'ರೈಟ್ ರೈಟ್ ಅಕ್ಕ' ಅನ್ನುತ್ತಿದ್ದರು. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡಳು. ಬಸ್ಸಿನ ಕಂಬಿ ಹಿಡಿಯುವಂತೆ ಕೈ ಎತ್ತಿದಳು. ಚರ್ರ್! ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟಿತು.

ಎರಡನೆಯವಳಿಗೂ ಬಿಗಿ, ಮೂರನೆಯವಳಿಗೆ ಗುಂಡಿಯೇ ಕೂಡಲಿಲ್ಲ. ಅತ್ತಿಗೆ ಹೊಸ ಟೇಪಿನಿಂದ ಮೂವರನ್ನೂ ಮತ್ತೆ ಅಳೆದಳು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಎಲ್ಲರೂ ಒಂದೂವರೆ ಇಂಚು ಹೆಚ್ಚು. ಅವಳು ನನ್ನ ಕಡೆ ತಿರುಗಿ, "ಹಳೇದು ಎಲ್ಲೇ?" ಎಂದಳು.

"ಎಸೆದ್ಬಿಟ್ಟೆ," ಎಂದೆ. ಬಟ್ಟೆಯ ಟೇಪು ಎಳೆದೂ ಎಳೆದೂ ಉದ್ದವಾಗುತ್ತದೆ, ಆಗ ನಲವತ್ತು ಇಂಚಿನ ಎದೆಯನ್ನೂ ಕಡಿಮೆ ತೋರಿಸುತ್ತದೆ. ಅಳೆದ ಟೇಪಿನಲ್ಲೇ ಕತ್ತರಿಸಿದರೆ ಲೆಕ್ಕ ಸರಿಹೋಗುತ್ತದೆ. ಹಳೆಯದರಲ್ಲಿ ಅಳೆದು ಹೊಸದರಲ್ಲಿ ಕತ್ತರಿಸಿದರೆ ಹೀಗೇ ಆಗುವುದು. ನಲವತ್ತು ಕೋಟೂ ಬಿಗಿ! ಅಯ್ಯೋ, ನನ್ನ ಕೈಯಾರೆ ಅತ್ತಿಗೆಯ ಹಟಕ್ಕೆ ಕೊಳ್ಳಿ ಇಟ್ಟಿದ್ದೆ.

ಡಿಪೋದ ಮೇಲಧಿಕಾರಿ ಬಾಗಿಲಲ್ಲೇ ನಿಂತಿದ್ದ. "ನಾನು ಆವತ್ತೇ ಹೇಳ್ದೆ. ಮನೇಲಿ ಹೊಲಿಯೋದು ಬೇರೆ, ಇದು ಬೇರೆ. ಹಳೇ ಟೈಲರಿಗೇ ಕೊಡೋಣ ಬಿಡಿ," ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ಕೈ ಅದುಮಿ ಮುಂದೆ ಬಂದು ಕಂಡಕ್ಟರುಗಳ ಕಡೆ ತಿರುಗಿದಳು. "ತಪ್ಪು ನಂದು. ನಿಮ್ಮ ಮೈಯದ್ದಲ್ಲ, ನನ್ನ ಟೇಪಿಂದು. ಒಳಗೆ ಎರಡಿಂಚು ಬಟ್ಟೆ ಬಿಟ್ಟಿದೀನಿ. ಬಿಚ್ಚಿ ಹೊಲಿದು ನಾಳೆ ಸಂಜೆಗೆ ಕೊಡ್ತೀನಿ. ಆಗ್ಲೂ ಹೊಂದಲಿಲ್ಲ ಅಂದ್ರೆ ಡಿಪೋ ಕಡೆ ತಲೆ ಹಾಕಲ್ಲ." ನನಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಮೇಲಧಿಕಾರಿ ಆಗಲೇ ಹೊರಟಿದ್ದ. "ನಿಂತ್ಕೊಳ್ಳಿ ಸಾರ್," ಎಂದಳು ರೈಟ್ ರೈಟ್ ಅಕ್ಕ. ಹರಿದ ಕೋಟನ್ನು ಇನ್ನೂ ಬಿಚ್ಚಿರಲಿಲ್ಲ. "ಹತ್ತೊಂಬತ್ತು ವರ್ಷದಿಂದ ಕೋಟು ಬಿಗಿಯಾಗತ್ತೆ ಅಂತ ಹೇಳ್ತಾ ಇದೀನಿ. ಊಟ ಕಮ್ಮಿ ಮಾಡಮ್ಮ ಅಂತಾನೇ ಎಲ್ರೂ ಅಂದಿದ್ದು. ಅಳತೆ ತಪ್ಪು ಅಂತ ಇವತ್ತೇ ನಾನು ಕೇಳ್ತಿರೋದು."

ಅವಳು ಗಿರಣಿಯ ಮೇಲಿನ ಆ ನಡುಗುವ ನೆಲದ ಮೇಲೆ ಸ್ಟೂಲು ಎಳೆದುಕೊಂಡು ಕೂತು, ಕೈ ಮೇಲೆತ್ತಿ ಹರಿದ ಕಡೆಯನ್ನು ನನಗೆ ತೋರಿಸಿದಳು.

"ಏನ್ ನೋಡ್ತೀಯಾ? ಬಿಚ್ಚು. ನಾಳೆ ಸಂಜೆವರೆಗೂ ಇಲ್ಲೇ ಕೂತಿರ್ತೀನಿ."

ಉಳಿದ ಮೂವತ್ತೊಂಬತ್ತು ಮಂದಿಯೂ ಕೂತರು.