ವಲ್ಲಿಯ ಮರೆಯ ಬೆರಳು

ಇತ್ತೀಚೆಗೆ ಅಂಗಿಯ ಗುಂಡಿ ಹಾಕಲು ನನಗೆ ಕನ್ನಡಿ ಬೇಕಾಗುತ್ತದೆ. ಅರವತ್ತರ ನಂತರ ಸೌಂದರ್ಯಪ್ರಜ್ಞೆ ಚಿಗುರಿತೆಂದು ಭಾವಿಸಬೇಡಿ. ಸಕ್ಕರೆ ಕಾಯಿಲೆ ನನ್ನ ಅಂಗೈ, ಬೆರಳುಗಳ ಸ್ಪರ್ಶಜ್ಞಾನವನ್ನು ಅಪಹರಿಸಿದೆ, ಗುಂಡಿ ಸಿಕ್ಕಿತೋ ಇಲ್ಲವೋ ಕಣ್ಣೇ ಹೇಳಬೇಕು. ನಿಮಗೂ ಸಕ್ಕರೆಯಿದ್ದರೆ ದಿನವೂ ಪಾದ ನೋಡಿಕೊಳ್ಳಿ. ನಾನು ಪುಕ್ಕಟೆ ಕೊಡುವುದು ಸಲಹೆಯೊಂದನ್ನೇ.

ರಾಮತೀರ್ಥ ನಗರದ ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗಳು ಹುಳುಗಳ ಸ್ಪರ್ಶದ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅಲ್ಪವಿರಾಮದಷ್ಟು ಉದ್ದದ ದುಂಡುಹುಳುವನ್ನು ಕಣ್ಣೆವೆಯ ಕೂದಲಿಂದ ಸವರುತ್ತಾರಂತೆ.

"ನರಕೋಶದ ಪೊರಿಯೊಳಗ ಪ್ರೋಟೀನಿನ ಸಣ್ಣ ಬಾಗಲಾ ಇರ್ತಾವ, ಕಾಕಾ. ಸವರಿದ್ರ ತೆರಕೋತಾವ, ಸೋಡಿಯಂ ಒಳಗ ನುಗ್ಗತೈತಿ, ಹುಳಾ ಸರೀತೈತಿ. ಆ ಪ್ರೋಟೀನ್ ಕೆಟ್ಟಿದ್ರ ಸವರಿದ್ದು ತಿಳಿಯೂದಿಲ್ಲ, ಸುಮ್ಮನ ಬಿದ್ದಿರತೈತಿ. ತಂತಿಲೆ ಚುಚ್ಚಿದ್ರ ಮಾತ್ರ ಓಡತೈತಿ."

"ಹಂಗಾರ ನಾನೂ ಅಂಥಾ ಹುಳಾನ ಏನವಾ?"

"ನಿಮ್ಮದು ಬ್ಯಾರೆ ರೋಗರೀ. ಹುಳಕ್ಕ ಅವಮಾನ ಮಾಡಬ್ಯಾಡ್ರಿ."

ಎಲ್ಲರೂ ನಕ್ಕರು. ನನಗೆ ಮಾತ್ರ ಖಾನಾಪುರದ ಸಂತೆ ನೆನಪಾಯಿತು.

ರವಿವಾರ ಪೇಟೆಯಲ್ಲಿ ಮೂಟೆ ಹೊತ್ತು ಮೇಲೆ ಬಂದು ದನದ ವ್ಯಾಪಾರಕ್ಕಿಳಿದ ನನ್ನಂಥವನಿಗೆ ಬೆರಳೇ ಬಂಡವಾಳ. ಸಂತೆಯಲ್ಲಿ ನಾವು ದರವನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ಕೈಗಳ ಮೇಲೆ ಮುಚ್ಚಿ, ಬೆರಳೊತ್ತಿ ತಿಳಿಸುತ್ತೇವೆ. ಪಾರಿಶ್ವಾಡದ ದಸ್ತಗೀರಸಾಬನಿಗೂ ನನಗೂ ಮೂವತ್ತು ವರ್ಷದ ಸ್ನೇಹದಿಂದ ಹುಟ್ಟಿದ ಇನ್ನೊಂದು ಸಂಕೇತವಿತ್ತು: ಹೆಬ್ಬೆರಳಿಂದ ಅಂಗೈಯನ್ನು ಹಗುರಾಗಿ ಸವರಿದರೆ 'ಅಡಚಣೆಯಲ್ಲಿದ್ದೇನೆ, ದರ ಇನ್ನು ಇಳಿಸಬೇಡ' ಎಂದರ್ಥ. ಕಳೆದ ತಿಂಗಳು, ಹೆಂಡತಿಯ ಆಪರೇಷನ್ನಿಗೆಂದು ಎತ್ತು ಮಾರಲು ಬಂದಿದ್ದ ಅವನು ಹಾಗೆ ಮೂರು ಸಲ ಸವರಿದ್ದನಂತೆ. ನಾನು ಇಳಿಸುತ್ತಲೇ ಹೋದೆ. ನನ್ನ ದರಕ್ಕೇ ಒಪ್ಪಿ, ಹಗ್ಗವನ್ನು ನನ್ನ ಕಾಲ ಬಳಿ ಎಸೆದು, ಚಹಾಕ್ಕೂ ನಿಲ್ಲದೆ ಹೋದ.

ಕಾರಣವನ್ನು ಅವನ ತಮ್ಮನಿಂದ ತಿಳಿದು ಪಾರಿಶ್ವಾಡಕ್ಕೆ ಓಡಿದೆ. ಬೆರಳು ಸತ್ತಿವೆಯೆಂದೆ, ಕಡಿಮೆಯಾದದ್ದನ್ನು ತುಂಬಿಕೊಡುತ್ತೇನೆಂದೆ. ಅದಲ್ಲ ಎಂಬಂತೆ ಅವನು ಕೈಯಾಡಿಸಿದ.

"ಬೆರಳು ಸತ್ತಿದ್ರ, ಅವತ್ತ ಸಂತ್ಯಾಗ ಎತ್ತಿನ ಮೈ ಸವರಿ 'ಚರ್ಮ ಒರಟೈತಿ' ಅಂತ ಹೆಂಗಂದ್ರಿ ಸಾವಕಾರ್ರ?"

ಅದು ದರ ಇಳಿಸಲು ಹೂಡಿದ ನಾಟಕವೆನ್ನದೆ, ರೋಗದ ಮಾತನ್ನೇ ಮತ್ತೆ ಹೇಳಿದೆ. ಅವನು ವಲ್ಲಿ ಮುಚ್ಚಿ, ಒಳಗೆ ನನ್ನ ಕೈ ಹಿಡಿದು, ಮುಖವನ್ನೇ ನೋಡಿದ.

"ಈಗ ನಾ ಏನಂದೆ?"

ಗೊತ್ತಾಗಲಿಲ್ಲವೆಂದಿದ್ದರೆ ಸಾಕಿತ್ತು. ಆದರೆ ಗೊತ್ತಿಲ್ಲವೆನ್ನುವ ವ್ಯಾಪಾರಿ ಸಂತೆಯಲ್ಲಿ ಬಾಳುವುದಿಲ್ಲವೆಂಬುದು ಜನ್ಮಾಂತರದಿಂದ ಬಂದಂತಿರುವ ನನ್ನ ನಂಬಿಕೆ.

"ಇಳಸಬ್ಯಾಡ ಅಂದಿ, ಭಾಯಿ."

ಅವನು ವಲ್ಲಿ ಸರಿಸಿದ. ಅವನ ಕೈ ನನ್ನ ಮಣಿಕಟ್ಟನ್ನಷ್ಟೇ ಹಿಡಿದಿತ್ತು. ಅಂಗೈಯನ್ನು ಮುಟ್ಟಿಯೇ ಇರಲಿಲ್ಲ.

"ಬೆರಳು ಸತ್ತಿದ್ದು ಖರೇ ಐತಿ," ಎಂದ, ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಸುಳ್ಳ ಇನ್ನೂ ಜೀವಂತ ಐತಿ. ಇನ್ನ ಮ್ಯಾಲೆ ನನ್ನ ಜೋಡಿ ಬಾಯಿಲೇನ ಮಾತಾಡ್ರಿ, ನಾಕು ಮಂದಿ ಮುಂದ."