ನಿಕೊಲಾಯ್ ಅಜ್ಜನ ಕೀಬೋರ್ಡಿಗೆ ಇಟ್ಟ ಕುಂಕುಮ

೨೦೦೨ರಲ್ಲಿ ನಾನು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ, ಸಂಗೀತದ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ಗ್ರೀನ್ ಕಾರ್ಡ್ ಮೇಲೆ ಹೋದವಳು. ಅಮೆರಿಕದ್ದಲ್ಲ, ಜರ್ಮನಿಯದು: ಐದು ವರ್ಷ ಇರಬಹುದು, ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ನನ್ನದಿನ್ನೂ ಪ್ರೋಬೆತ್ಸೈಟ್, ಅಂದರೆ ಪರೀಕ್ಷಾ ಅವಧಿ. ಬಾಸ್ ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ನನಗೆ ವಹಿಸಿದ್ದ ಮುಖ್ಯ ಗ್ರಾಹಕರು ನಿಕೊಲಾಯ್ ಆಂದ್ರೆಯೆವಿಚ್, ಮಗಳೊಂದಿಗೆ ಮ್ಯೂನಿಕ್ಕಿನಲ್ಲೇ ನೆಲೆಸಿದ್ದ, ಎಂಬತ್ತರ ಹತ್ತಿರದ ರಷ್ಯನ್ ಸಂಗೀತ ಸಂಯೋಜಕರು. ನಾನೂ ಹುಬ್ಬಳ್ಳಿಯ ಸಹೋದ್ಯೋಗಿ ರವೀಂದ್ರನೂ ನಮ್ಮನಮ್ಮಲ್ಲಿ ಅವರನ್ನು ‘ಅಜ್ಜ’ ಎನ್ನುತ್ತಿದ್ದೆವು. ಕೈ ನಡುಗುತ್ತಿದ್ದರಿಂದ ಅವರಿಗೆ ಸ್ವರಲಿಪಿ ಬರೆಯಲಾಗುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಕೀಬೋರ್ಡ್ ನುಡಿಸಿದರೆ ನಮ್ಮ ಸಾಫ್ಟ್‌ವೇರ್ ಅದನ್ನು ಕಂಪ್ಯೂಟರಿನಲ್ಲಿ ಸ್ವರಲಿಪಿಯಾಗಿ ಮೂಡಿಸುತ್ತಿತ್ತು. ಹಾಗೆ ಅವರ ಹೊಸ ಸಿಂಫನಿಯ ನಾಲ್ಕೂ ಭಾಗ ಬಹುತೇಕ ಸಿದ್ಧವಾಗಿದ್ದವು. ಚಳಿಗಾಲದಲ್ಲಿ ಒಂದು ಆರ್ಕೆಸ್ಟ್ರಾ ಅದನ್ನು ನುಡಿಸುವುದಿತ್ತು.

ಅವರ ಮೊದಲ ಸಿಂಫನಿಯನ್ನು ಸೋವಿಯತ್ ಸರ್ಕಾರ ನಿಷೇಧಿಸಿ ಹಸ್ತಪ್ರತಿಯನ್ನು ಎತ್ತಿಕೊಂಡು ಹೋಗಿತ್ತಂತೆ. ಆಮೇಲೆ ಮಕ್ಕಳ ಸಿನಿಮಾಗಳಿಗೆ ಸಂಗೀತ ಕೊಡುತ್ತಾ ಹೊಟ್ಟೆ ಹೊರೆದರು. ತಮ್ಮ ನಿಜವಾದ ಸಂಗೀತವನ್ನು ಕದ್ದುಮುಚ್ಚಿ ಬರೆದರು. ಅದಕ್ಕೇ ಬ್ಯಾಕಪ್ ಎಂದರೆ ಕೆಂಡವಾಗುತ್ತಿದ್ದರು. “ಪ್ರತಿ ಅಂದರೆ ಸಾಕ್ಷಿ. ಸಾಕ್ಷಿ ಬೇಡ,” ಎನ್ನುತ್ತಿದ್ದರು. ಇಡೀ ಸಿಂಫನಿ ಆ ಒಂದೇ ಹಾರ್ಡ್ ಡಿಸ್ಕಿನಲ್ಲಿತ್ತು.

ರವೀಂದ್ರ ಗೊಣಗುತ್ತಲೇ ಇದ್ದ. “ಮೇಡಂ, ಇದು ಒಂದಿನ ನಮ್ಮ ತಲಿ ಮ್ಯಾಲೇ ಬರ್ತದ ನೋಡ್ರಿ.”

ಬಂದೇಬಂತು. ಅಕ್ಟೋಬರ್, ಆಯುಧಪೂಜೆ. ನಮ್ಮಪ್ಪ ಮೈಸೂರಿನಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್. ಆ ದಿನ ನಮ್ಮನೆಯಲ್ಲಿ ಸ್ಪ್ಯಾನರಿನಿಂದ ಈಳಿಗೆಮಣೆಯವರೆಗೆ ಎಲ್ಲಕ್ಕೂ ಪೂಜೆ. ಅಂದು ಮಧ್ಯಾಹ್ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲು ಅಜ್ಜನ ಮನೆಗೆ ಹೋದಾಗ ಅವರು ಮಲಗಿದ್ದರು. ಅವರ ಮಗಳು ವೇರಾ ನನ್ನನ್ನು ಒಳಗೆ ಬಿಟ್ಟು ಅಂಗಡಿಗೆ ಹೋದಳು. ನನಗೆ ಅನ್ನ ಕೊಡುವ ಯಂತ್ರ ಇದೇ ತಾನೆ ಅಂದುಕೊಂಡು ಕೀಬೋರ್ಡಿಗೂ ಕಂಪ್ಯೂಟರಿಗೂ ಒಂದೊಂದು ಕುಂಕುಮದ ಬೊಟ್ಟಿಟ್ಟು, ಕೈಮುಗಿದು ಬಂದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ವೇರಾಳ ಫೋನು. “ಯಾರಿಟ್ಟರು ಆ ಕೆಂಪು ಗುರುತು? ಅಪ್ಪ ಹುಡುಗನಾಗಿದ್ದಾಗ ಒಂದು ಬೆಳಿಗ್ಗೆ ಅವರ ಮನೆಯ ಬಾಗಿಲ ಮೇಲೆ ಅಂಥದ್ದೇ ಗುರುತಿತ್ತು. ಅಂದೇ ಪೊಲೀಸರು ಅವರ ತಂದೆಯನ್ನು ಎಳೆದುಕೊಂಡು ಹೋದರು. ಈಗ ಅಪ್ಪ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಅಳಿಸುತ್ತಿದ್ದಾರೆ!”

ಇದ್ದಲ್ಲಿಂದಲೇ ಎದ್ದು ಓಡಿದೆ. ಮೊದಲು ಸಿಕ್ಕ ಎಸ್-ಬಾನ್ ಲೋಕಲ್ ರೈಲು ಹತ್ತಿದೆ. ಸಿಂಫನಿ ಹೋಯಿತು, ಕೆಲಸ ಹೋಯಿತು ಎಂಬ ಭಯ ಒಂದಾದರೆ, ಆ ಮುದಿಜೀವಕ್ಕೆ ಏನಾದರೂ ಆದರೆ ಎಂಬುದು ಅದಕ್ಕಿಂತ ದೊಡ್ಡ ಭಯ. ಅಯ್ಯೋ ದೇವರೇ, ಯಾಕಾದರೂ ಇಟ್ಟೆನೋ ಎಂದು ಮನಸ್ಸಿನಲ್ಲೇ ಹಲುಬಿದೆ.

ವೇರಾ ಹೇಗೋ ಬಾಗಿಲು ತೆಗೆಸಿದ್ದಳು. ಅಜ್ಜ ಮೌಸ್ ಹಿಡಿದು ಕೂತಿದ್ದರು. ಪರದೆ ಖಾಲಿ. ಡಿಲೀಟ್ ಮಾಡಿದ ಫೈಲು ಕೂಡಲೇ ಅಳಿಯುವುದಿಲ್ಲ. ಡಿಸ್ಕ್ ಅದರ ವಿಳಾಸವನ್ನಷ್ಟೇ ಮರೆಯುತ್ತದೆ. ಅದರ ಮೇಲೆ ಬೇರೇನಾದರೂ ಬರೆದುಬಿಟ್ಟರೆ ಮಾತ್ರ ಕಥೆ ಮುಗಿಯಿತು. ಕಂಪ್ಯೂಟರ್ ಚಾಲೂ ಇದ್ದಷ್ಟು ಹೊತ್ತೂ ಡಿಸ್ಕಿನಲ್ಲಿ ಏನಾದರೂ ಬರೆಯುತ್ತಲೇ ಇರುತ್ತದೆ. ನಾನು ನುಗ್ಗಿ ಹೋಗಿ ಪ್ಲಗ್ಗನ್ನೇ ಕಿತ್ತೆ.

ತಿರುಗಿ ನೋಡಿದರೆ ಅಜ್ಜ ಎರಡೂ ಕೈ ಮೇಲೆತ್ತಿ ನಿಂತಿದ್ದರು. ನನಗೆ ಅಳು ಬಂತು.

ಬ್ಯಾಗಿನಿಂದ ಕುಂಕುಮದ ಡಬ್ಬಿ ತೆಗೆದು ನನ್ನ ಹಣೆಗಿಟ್ಟುಕೊಂಡೆ. ನನ್ನ ಮೊಬೈಲಿಗೂ ಇಟ್ಟೆ. ನನ್ನ ಹರಕುಮುರುಕು ಜರ್ಮನ್‌ನಲ್ಲಿ ಹೇಳಿದೆ: “ಇಟ್ಟವಳು ನಾನೇ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಹೀಗೆ ಇಡುತ್ತೇವೆ. ನಮ್ಮಪ್ಪ ತಾನು ಓಡಿಸುವ ಬಸ್ಸಿಗೂ ಇಡುತ್ತಾರೆ.”

ಅಜ್ಜನ ಕೈ ಇನ್ನೂ ಕೆಳಗಿಳಿದಿರಲಿಲ್ಲ. “ಆಮೇಲೆ ಯಾರು ಬಂದು ಒಯ್ಯುತ್ತಾರೆ?”

“ಯಾರೂ ಒಯ್ಯುವುದಿಲ್ಲ. ಮಾರನೇ ದಿನ ಅಪ್ಪನೇ ಓಡಿಸುತ್ತಾರೆ.”

ಅವರು ನನ್ನ ಹಣೆಯನ್ನೇ ನೋಡುತ್ತಾ ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ವೇರಾ ನೀರು ಕೊಟ್ಟಳು.

ಆಫೀಸಿನಲ್ಲಿ ರವೀಂದ್ರ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹುಡುಕಿದ. ಫೈಲುಗಳು ಒಂದೊಂದಾಗಿ ಬರುತ್ತಿದ್ದರೆ ನಾನು ಪಕ್ಕದಲ್ಲೇ ನಿಂತು ಎಣಿಸುತ್ತಿದ್ದೆ. ಮೂರು ಭಾಗ ಪೂರ್ತಿ ಸಿಕ್ಕವು. ನಾಲ್ಕನೆಯದರ ಕೊನೆ ಸಿಗಲೇ ಇಲ್ಲ. ಅಜ್ಜನ ಮನೆಗೆ ಮರಳಿ, ಅವರ ಮುಂದೆ ಕೂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. “ಮತ್ತೆ ನುಡಿಸುತ್ತೇನೆ,” ಎಂದರು. ಕೀಬೋರ್ಡಿನ ಮೇಲಿನ ಬೊಟ್ಟನ್ನು ಒರೆಸಲು ನಾನು ಕೈಚಾಚಿದರೆ ತಡೆದರು. “ಅದು ಇರಲಿ. ಮೊದಲು ಒಂದು ಪ್ರತಿ ಮಾಡು. ನಿನ್ನ ಮನೆಯಲ್ಲಿಡು.”

ಸಿಂಫನಿ ಚಳಿಗಾಲದಲ್ಲೇ ನುಡಿಯಿತು. ನನ್ನ ಕೆಲಸವೂ ಉಳಿಯಿತು. ಅಲ್ಲಿಂದ ನಿವೃತ್ತಿಯವರೆಗೂ, ಯಂತ್ರದ ಮುಂದೆ ಕೂತವರಿಗೆ ಏನು ಬೇಕು ಎಂದು ಕೇಳುವ ಮುಂಚೆ ಅವರಿಗೆ ಏನು ಭಯ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ.

ಅಜ್ಜ ಈಗಿಲ್ಲ. ಅಂದು ಪ್ರತಿ ಮಾಡಿಕೊಂಡ ಸಿಡಿ ಮೈಸೂರಿನ ನಮ್ಮ ಮನೆಯಲ್ಲಿದೆ. ಪ್ರತಿವರ್ಷ ಆಯುಧಪೂಜೆಯ ದಿನ ಮಿಕ್ಸಿ, ಲ್ಯಾಪ್‌ಟಾಪ್, ಕಾರಿನ ಕೀಲಿಯ ಸಾಲಿನಲ್ಲಿ ಅದನ್ನೂ ಇಟ್ಟು, ಒಂದು ಬೊಟ್ಟು ಇಡುತ್ತೇನೆ. ಯಾರೂ ಬಂದು ಒಯ್ಯುವುದಿಲ್ಲ ಅಜ್ಜ, ಎಂದು ಹೇಳುತ್ತೇನೆ.