ಕೌಂಟಿ ಕೋರ್ಟಿನ ಕಿಟಕಿಯಲ್ಲಿ ಅಂಬಕ್ಕ

ಅಂಬಕ್ಕ ಗಂಡನ ಹೆಸರು ಹೇಳುತ್ತಿರಲಿಲ್ಲ. ಹಳೇ ಕಾಲದ ಹೆಂಗಸರು ಯಾರು ತಾನೇ ಹೇಳುತ್ತಿದ್ದರು, ಅದರಲ್ಲೇನು ವಿಶೇಷ ಎನ್ನಬೇಡಿ. ಅಂಬಕ್ಕನದು ಅತಿ. ಬೆಳಿಗ್ಗೆ ದೇವರ ಹಾಡು ಹೇಳುವಾಗಲೂ ಆ ಹೆಸರು ಬಂದ ಕಡೆ "ಹ್ಞಂ ಹ್ಞಂ ಹ್ಞಂ" ಎಂದು ರಾಗವನ್ನಷ್ಟೇ ಎಳೆದು, ಕೊಚ್ಚೆ ದಾಟುವವರ ಹಾಗೆ ಹಾರಿ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದರು. ದೇವರಿಗೂ ಅವರ ಗಂಡನಿಗೂ ಒಂದೇ ಹೆಸರಾಗಿದ್ದರೆ ಅದು ದೇವರ ತಪ್ಪು. ಯಾವ ಹೆಸರಿನ ಮೇಲೆ ಹೀಗೆ ಹಾರುತ್ತಾರೆ ಎಂದು ನಾನಂತೂ ಕಿವಿಗೊಟ್ಟು ಕೇಳಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮೌಂಟನ್ ವ್ಯೂನಲ್ಲಿ ನಮ್ಮದು ಮಹಡಿಯ ಮೇಲಿನ ಅಪಾರ್ಟ್‌ಮೆಂಟು, ಕೆಳಗೆ ಗುರುರಾಜನದು. ಧಾರವಾಡದ ಹುಡುಗ, ಕಂಪ್ಯೂಟರ್ ಚಿಪ್ಪು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಅವನ ಹೆಂಡತಿಯ ಬಾಣಂತನಕ್ಕೆಂದು ಬಂದ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಈ ಅಂಬಕ್ಕ. ಐವತ್ತು ದಾಟಿದ್ದರು. ಕಡ್ಡಿಯಂಥ ಮೈ, ಇಳಕಲ್ ಸೀರೆ, ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ. ನಾನು ಸ್ಟಿಕ್ಕರ್ ಹಚ್ಚಿಕೊಂಡಿದ್ದನ್ನು ಮೊದಲ ದಿನವೇ ಕಂಡು, "ಅಂಟಸೂದು ಲಕೋಟಿಗೆ, ಹಣಿಗಲ್ಲ" ಎಂದು ನನ್ನ ಹಣೆಯಿಂದ ಅದನ್ನು ಕಿತ್ತು ಲಾಂಡ್ರಿ ರೂಮಿನ ಕಸದ ಡಬ್ಬಿಗೆ ಹಾಕಿದ್ದರು. ಗುರುತಿಲ್ಲ, ಪರಿಚಯವಿಲ್ಲ! ನಾನು ಬೆಂಗಳೂರಿನವಳು, ಬಾಯಿಗೆ ಬಾಯಿ ಕೊಡುವವಳು. ಆದರೂ ಆ ದಿನ ನಕ್ಕುಬಿಟ್ಟೆ. ಅಲ್ಲಿಂದಲೇ ಸ್ನೇಹವಾಯಿತು.

ಅವರ ಗಂಡ ಮದುವೆಯಾದ ಎರಡನೇ ವರ್ಷವೇ ಓದಲು ಅಮೆರಿಕಕ್ಕೆ ಬಂದವರು. ಗುರುರಾಜ ಇನ್ನೂ ಹುಟ್ಟಿರಲಿಲ್ಲ. ಮೊದಮೊದಲು ಕಾಗದಗಳು ಬರುತ್ತಿದ್ದವು, ಆಮೇಲೆ ವರ್ಷಕ್ಕೊಂದು, ಆಮೇಲೆ ಅದೂ ಇಲ್ಲ. ಅಂಬಕ್ಕ ಧಾರವಾಡದಲ್ಲೇ ಅತ್ತೆ ಮಾವನ ಸೇವೆ ಮಾಡಿದರು, ಭಾವನ ಮಕ್ಕಳನ್ನು ಎತ್ತಿ ಆಡಿಸಿದರು. ಮನೆಯಲ್ಲಿ ಆ ಮನುಷ್ಯನ ಮಾತೆತ್ತುವ ಹಾಗಿರಲಿಲ್ಲ. ಗುರುರಾಜನೂ ಎತ್ತುತ್ತಿರಲಿಲ್ಲ. ಅದೇ ದೇಶಕ್ಕೆ ಕಾಕುವನ್ನು ಕರೆಸಿಕೊಂಡ ಮೇಲೂ "ಕಾಕಾ ಎಲ್ಲಿದ್ದಾರೋ ಹುಡುಕೋಣ" ಎಂದು ಅವನಿಗೆ ಅನ್ನಿಸಲಿಲ್ಲ. ಹುಣ್ಣನ್ನು ಕೆರೆಯಬಾರದು ಎಂದುಕೊಂಡಿದ್ದನೋ ಏನೋ.

ಲಿವರ್‌ಮೋರಿನಲ್ಲಿ ಆಗ ದೇವಸ್ಥಾನ ಇನ್ನೂ ಪೂರ್ತಿಯಾಗಿರಲಿಲ್ಲ. ಒಂದು ಭಾನುವಾರ ಎಲ್ಲರೂ ಹೋಗಿದ್ದೆವು. ಅಂಬಕ್ಕ ಬಡಿಸಲು ನಿಂತಿದ್ದರು. ಬಹಳ ವರ್ಷದಿಂದ ಇಲ್ಲೇ ಇದ್ದ, ಮೈಸೂರು ಕಡೆಯ ಹಿರಿಯರೊಬ್ಬರು ಊಟ ಮಾಡುತ್ತಾ ಪಕ್ಕದವರಿಗೆ ಹಳೆಯ ಸುದ್ದಿ ಹೇಳುತ್ತಿದ್ದರು. "ಓಕ್‌ಲೆಂಡಲ್ಲಿ ಕುಲಕರ್ಣಿ ಅಂತ ಒಬ್ರಿದ್ರು, ಧಾರವಾಡದೋರು. ಕಾಲೇಜಲ್ಲಿ ಗಣಿತ ಹೇಳ್ತಿದ್ರು. ಒಂಟಿ ಮನುಷ್ಯ. ಹೋಗ್ಬಿಟ್ರು ಪಾಪ, ಎರಡು ವರ್ಷ ಆಯ್ತೇನೋ. ಮನೆ ವಿಲೇವಾರಿ ಎಲ್ಲಾ ಕೋರ್ಟಲ್ಲೇ ಆಯ್ತಂತೆ."

ಅಂಬಕ್ಕ ಸೌಟು ಹಿಡಿದು ಅವರ ಎದುರಿಗೇ ನಿಂತಿದ್ದರು. "ಇನ್ನೊಂದಿಷ್ಟು ಹುಳಿ ಹಾಕ್ಲೇನ್ರಿ?" ಎಂದು ಕೇಳಿದರು. ಹಾಕಿದರು. ಮುಂದಿನ ಎಲೆಗೆ ಹೋದರು. ನಾನು ಪಕ್ಕದಲ್ಲೇ ಇದ್ದೆ, ನನಗೆ ಏನೂ ಹೊಳೆಯಲಿಲ್ಲ.

ಮರುದಿನ ಲಾಂಡ್ರಿ ರೂಮಿನಲ್ಲಿ ಮಗುವಿನ ಬಟ್ಟೆ ಮಡಚುತ್ತಾ ತಲೆ ಎತ್ತದೆ ಹೇಳಿದರು. "ನಿನ್ನೆ ಆ ಮುದುಕಪ್ಪ ಅಂದ್ನಲ್ಲ ವಿಮಲಾ, ಕುಲಕರ್ಣಿ. ಅವರು ನಮ್ಮವರಽ ಇರಬೇಕು."

ನನ್ನ ಕೈಯಲ್ಲಿದ್ದ ಸೋಪಿನ ಪುಡಿ ಅರ್ಧ ನೆಲಕ್ಕೆ ಬಿತ್ತು.

"ಕೋರ್ಟಿನಾಗ ಕಾಗದ ಇರ್ತಾವಂತಲ್ಲ. ಅದರಾಗ ಹೆಂಡತಿ ಹೆಸರು ಬರೀತಾರೇನು?"

"ಬರೀಲೇಬೇಕು ಅಂಬಕ್ಕ. ಇಲ್ಲಿ ಎಲ್ಲಾ ಬರೀತಾರೆ" ಎಂದೆ. ನನಗೇನು ಗೊತ್ತಿತ್ತು, ಮಣ್ಣು!

"ನನಗ ಅವರ ಮನಿ ಬ್ಯಾಡ, ಮಠ ಬ್ಯಾಡ. ನನ್ನ ಹೆಸರು ಅದ ಏನು ಅಂತ ನೋಡಿ ಹೇಳು, ಅಷ್ಟಽ. ಗುರ್ಯಾಗ ಹೇಳಬ್ಯಾಡ. ಹೇಳಿದಿ ಅಂದ್ರ ಇವತ್ತಽ ನನ್ನ ಹಣಿ ಅಳಸ್ತಾರ. ಮೊದಲ ನನಗ ಖಾತ್ರಿ ಆಗಲಿ."

ಲೈಬ್ರರಿಗೆ ಫೋನು ಮಾಡಿ ವಿಚಾರಿಸಿದೆ. ಸತ್ತವರು ಯಾವ ಕೌಂಟಿಯಲ್ಲಿದ್ದರೋ ಆ ಕೌಂಟಿಯ ಕೋರ್ಟಿನಲ್ಲಿ ಅವರ ಉಯಿಲು, ಆಸ್ತಿಯ ಕಾಗದ ಎಲ್ಲ ಒಂದು ಫೈಲಾಗಿ ಇರುತ್ತದಂತೆ. ಹೆಸರು ಹೇಳಿ, ನಂಬರು ಹುಡುಕಿ, ಚೀಟಿ ಬರೆದುಕೊಟ್ಟರೆ ತಂದು ತೋರಿಸುತ್ತಾರಂತೆ. ಸಂಬಂಧಿಕರೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ನೋಡಬಹುದಂತೆ. ಇದನ್ನು ಹೇಳಿದಾಗ ಅಂಬಕ್ಕ, "ಹಾದಿ ಮ್ಯಾಲೆ ಹೋಗೂ ದಾಸಯ್ಯನೂ ನೋಡಬಹುದು? ಹೆಂಡತಿ ಒಬ್ಬಾಕಿ ಬಿಟ್ಟು ಊರೆಲ್ಲಾ ನೋಡಿರಬೇಕು ಹಂಗಾರ" ಎಂದರು.

ನನಗೆ ಡ್ರೈವಿಂಗ್ ಲೈಸೆನ್ಸು ಬಂದು ಇನ್ನೂ ಹೊಸತು. ಸೇತುವೆ ದಾಟಿ, ಫ್ರೀವೇಯಲ್ಲಿ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದುಕೊಂಡು ಓಕ್‌ಲೆಂಡಿನ ಕೋರ್ಟಿಗೆ ಹೋದೆ. ಅಂಬಕ್ಕ ಮದುವೆ ಮನೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ ಉಟ್ಟು, ಚಪಾತಿ ಚಟ್ನಿಪುಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಕಿಟಕಿಯಲ್ಲಿದ್ದ ಕ್ಲಾರ್ಕು ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದ ಒಳ್ಳೆಯ ಹೆಂಗಸು. ಸತ್ತವರ ಮನೆತನದ ಹೆಸರು ಕೇಳಿದಳು, ಕುಲಕರ್ಣಿ ಎಂದೆ. ಹೆಸರುಗಳ ಫಿಲ್ಮನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಕುಲಕರ್ಣಿಗಳು ಒಬ್ಬರಿಗಿಂತ ಹೆಚ್ಚಿದ್ದಾರೆ, ಇವರ ಸ್ವಂತ ಹೆಸರೇನು ಎಂದಳು. ಆಗ ನೋಡಿ ನನಗೆ ಹೊಳೆಯಿತು. ಇಷ್ಟು ದೂರ ಬಂದಿದ್ದೇವೆ, ಆ ಮನುಷ್ಯನ ಹೆಸರೇ ನನಗೆ ಗೊತ್ತಿಲ್ಲ!

"ಅಂಬಕ್ಕ, ಹೆಸರು ಹೇಳಿ."

ಅಂಬಕ್ಕ ಸೆರಗನ್ನು ಬಾಯಿಗೆ ಹಿಡಿದರು. "ಹೆಂಗ ಹೇಳ್ಲವಾ?"

"ಹೇಳ್ಬೇಡಿ, ಬರೀರಿ. ತಗೊಳ್ಳಿ ಪೆನ್ನು."

"ಬರದ್ರೂ ಅಷ್ಟಽ, ಹೇಳಿದ್ರೂ ಅಷ್ಟಽ."

ನನಗೆ ಉರಿದುಹೋಯಿತು. ಹಿಂದೆ ಟೈ ಕಟ್ಟಿದ ವಕೀಲರ ಸಾಲು ನಿಂತಿತ್ತು. "ನೋಡಿ, ನೀವು ಹೇಳಲ್ಲ, ನನಗೆ ಗೊತ್ತಿಲ್ಲ, ಇವಳೇನು ಅಂಜನ ಹಾಕಿ ನೋಡ್ತಾಳಾ? ನಡೀರಿ ಮನೆಗೆ" ಎಂದು ಎಲ್ಲರೆದುರೂ ರೇಗಿದೆ.

ಅಂಬಕ್ಕ ಸೆರಗು ಸರಿಮಾಡಿಕೊಂಡು, ಕಿಟಕಿಯ ಹತ್ತಿರ ಸರಿದು, ಗಂಟಲು ಸರಿಪಡಿಸಿಕೊಂಡು, ಗಟ್ಟಿಯಾಗಿ ಒಡಪು ಹಾಕಿದರು:

"ತಾಮ್ರದ ತಂಬಿಗಿ, ತುಂಬೇನಿ ನೀರು,
ನರಹರಿರಾಯರ ಹೆಸರು ಹೇಳ್ತೇನಿ, ಕೇಳರಿ ಎಲ್ಲಾರು!"

ಅವರ ಕಡೆ ಮದುವೆ ಮುಂಜಿಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳಲೇಬೇಕಾಗಿ ಬಂದರೆ ಹೀಗೆ ಪ್ರಾಸದಲ್ಲಿ ಸೇರಿಸಿಯೇ ಹೇಳುವುದು. ಉಳಿದವರು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ವಕೀಲರು ಮುಖ ಮುಖ ನೋಡಿಕೊಂಡರು. "ಅದೇನು ಹೇಳಿದರು?" ಎಂದಳು ಕ್ಲಾರ್ಕು. "ಹೆಸರು" ಎಂದೆ. "ಅಷ್ಟುದ್ದವೇ?" ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ನರಹರಿ ಎಂಬಷ್ಟನ್ನು ಚೀಟಿಯ ಮೇಲೆ ಬರೆದುಕೊಟ್ಟೆ. ನಂಬರು ಸಿಕ್ಕಿತು. ಫೈಲು ಬೇರೆ ಕಡೆ ದಾಸ್ತಾನಿನಲ್ಲಿದೆ, ಮುಂದಿನ ವಾರ ಬನ್ನಿ ಎಂದಳು.

ಆ ಒಂದು ವಾರ ಅಂಬಕ್ಕನ ಮುಖ ನೋಡಲು ನನಗೆ ಭಯವಾಗುತ್ತಿತ್ತು. ಅಷ್ಟು ಆಸೆ. "ಊರಿಗೆ ಬಂದಾಕಿ ನೀರಿಗೆ ಬರದಽ ಇರ್ತಾಳೇನು? ಕಾಗದ ಬಂದಽ ಬರತದ" ಎನ್ನುತ್ತಿದ್ದರು. ತವರಿನಲ್ಲಿ ಅವರ ಹೆಸರು ಚಂಪಾ ಅಂತೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರ ಮೇಲೆ ಅಂಬಿಕಾ ಎಂದು ಬರೆದು ಹೆಸರು ಬದಲಿಸಿದರಂತೆ. "ಅವರಿಗೆ ಮಂದಿ ಮಾರಿ ನೆನಪು ಇರ್ತಿದ್ದಿಲ್ಲ. ಆದ್ರ ತಾವಽ ಇಟ್ಟ ಹೆಸರು ಮರೀತಾರೇನು?" ಎಂದು ನನ್ನನ್ನೇ ಕೇಳುತ್ತಿದ್ದರು. ಇಲ್ಲ ಅಂಬಕ್ಕ, ಹೇಗೆ ಮರೆಯುತ್ತಾರೆ ಎಂದು ನಾನೂ ತಾಳ ಹಾಕುತ್ತಿದ್ದೆ.

ಫೈಲು ಬಂದಿತ್ತು. ಕಿಟಕಿಯ ಪಕ್ಕದ ಮೇಜಿನಲ್ಲೇ ಕೂತು ನೋಡಬೇಕು. ಮೇಲೆಯೇ ಸತ್ತ ತಾರೀಖು ಇತ್ತು. ತಿಂಗಳು ಹೇಳಿದೆ. ಅಂಬಕ್ಕ ಬೆರಳು ಮಡಚಿ, "ಶ್ರಾವಣ" ಎಂದರು. "ಆ ಶ್ರಾವಣದಾಗ ಪ್ರತಿ ಶುಕ್ರವಾರ ಮುತ್ತೈದೇರನ್ನ ಕರದು ಉಡಿ ತುಂಬೇನಿ. ಅವರ ಆಯುಷ್ಯಕ್ಕ." ಮಡಚಿದ ಬೆರಳು ಬಿಡಿಸಿ, "ಮುಂದ ಓದು" ಎಂದರು.

ಹಾಳೆ ತಿರುಗಿಸಿದೆ. ಉಯಿಲು. ಮೊದಲನೆಯ ಸಾಲಿನಲ್ಲಿ ಅವರ ಹೆಸರು, ಊರು. ಎರಡನೆಯ ಸಾಲಿನಲ್ಲೇ ಇತ್ತು: ನಾನು ಅವಿವಾಹಿತ, ನನಗೆ ಹೆಂಡತಿ ಮಕ್ಕಳು ಯಾರೂ ಇಲ್ಲ. ಮನೆ, ಪುಸ್ತಕ, ಎಲ್ಲವೂ ಕಾಲೇಜಿನ ಒಬ್ಬ ಸ್ನೇಹಿತನಿಗೆ. ಬೇರೆ ಹೆಣ್ಣಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಬಯ್ಯಲಾದರೂ ಒಬ್ಬಳು ಸಿಗುತ್ತಿದ್ದಳು.

"ಅದ ಏನು?" ಎಂದರು ಅಂಬಕ್ಕ.

ಸುಳ್ಳು ಹೇಳಬಹುದಿತ್ತು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಅದನ್ನು ಓದಲು ಇಂಗ್ಲಿಷು ಬೇಕಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಯಾರೋ ತಪ್ಪು ಬರದಿರಬೇಕು" ಎಂದರು. ನಾನು ಕೊನೆಯ ಹಾಳೆ ತೋರಿಸಿದೆ. ಸಹಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. "ಅವರದಽ" ಎಂದರು. ಆಮೇಲೆ, "ತಿದ್ದಲಿಕ್ಕೆ ಬರತದೇನು ಕೇಳು ಆಕಿಗೆ. ನನಗ ಏನೂ ಕೊಡೂದು ಬ್ಯಾಡ. ಅದೊಂದು ಸಾಲು ತಿದ್ದಲಿ."

ಕೇಳಿದೆ. ಕ್ಲಾರ್ಕಿನ ಕಣ್ಣು ಒದ್ದೆಯಾಯಿತು. ಸತ್ತವರ ಉಯಿಲನ್ನು ಯಾರೂ ತಿದ್ದಲಾಗುವುದಿಲ್ಲ, ತಕರಾರಿನ ಗಡುವೂ ಮುಗಿದಿದೆ, ಕೇಸು ಮುಚ್ಚಿದೆ ಎಂದಳು. ನಕಲು ಬೇಕಾದರೆ ಮಾಡಿಕೊಡುತ್ತೇನೆ ಎಂದಳು.

"ಯಾಕ? ಕಟ್ಟು ಹಾಕಿಸಿ ದೇವರ ಮನ್ಯಾಗ ಇಡ್ಲ್ಯಾ?" ಎಂದು ಅಂಬಕ್ಕ ಎದ್ದುಬಿಟ್ಟರು.

ಹೊರಗೆ ಬೆಂಚಿನ ಮೇಲೆ ಕೂತೆವು. ಎದುರಿಗೆ ಕೆರೆ, ಬಿಸಿಲು, ಬಾತುಗಳಿಗೆ ಬ್ರೆಡ್ಡು ಹಾಕುವ ಜನ. ಡಬ್ಬಿ ಬಿಚ್ಚಲಿಲ್ಲ. ಅಂಬಕ್ಕ ಅಳುತ್ತಾರೆ, ಹಿಡಿದುಕೊಳ್ಳೋಣ ಎಂದು ಕಾದೆ. ಅಳಲಿಲ್ಲ. "ಹೆಸರು ಇಟ್ಟಾವರೂ ಅವರಽ, ಬಿಟ್ಟಾವರೂ ಅವರಽ" ಎಂದರು. ಆಮೇಲೆ, "ಅವರು ಸತ್ತಾರ, ಅಂದ್ರ ನಾ ಮುತ್ತೈದಿ ಅಲ್ಲ. ಅವರು ಮದಿವೀನಽ ಆಗಿಲ್ಲ, ಅಂದ್ರ ನಾ ವಿಧವಿನೂ ಅಲ್ಲ. ನಾ ಯಾರು ಹಂಗಾರ ವಿಮಲಾ?" ಎಂದು ಕೇಳಿದರು. ನಿಜವಾಗಿ ಕೇಳಿದರು, ನಾನು ಓದಿದವಳು, ಹೇಳಿಯೇನು ಎಂಬ ಹಾಗೆ. ನನಗೆ ಆ ಸತ್ತ ಮನುಷ್ಯನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವನ ಹೆಸರನ್ನು ದೇವರ ಹಾಡಿನಲ್ಲೂ ಮುಟ್ಟದೆ ಕಾಪಾಡಿದ ಹೆಂಗಸು. ಪಾಪಿ!

ಮರುದಿನ ಬೆಳಿಗ್ಗೆ ಕುಂಕುಮ ಹಣೆಯ ಮೇಲೆ ಇತ್ತು. ನಾನು ಕೇಳಬಾರದಿತ್ತು, ಕೇಳಿದೆ. "ಕನ್ನಡಿ ಮುಂದ ನಿಂತೆ. ಅಳಸಲಿಕ್ಕೂ ಕೈ ಹೋತು, ಹಚ್ಚಲಿಕ್ಕೂ ಕೈ ಹೋತು. ಯಾವುದು ಖರೆ ಅಂತ ತಿಳೀಲಿಲ್ಲ" ಎಂದರು. ಅದಾದ ಮೇಲೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. ಬೆಳಗಿನ ಹಾಡು ನಿಂತಿತು. ಮಗು ನಡೆಯಲು ಕಲಿಯುವ ಹೊತ್ತಿಗೆ ಧಾರವಾಡಕ್ಕೆ ಹಿಂದಿರುಗಿದರು. ಹೋಗುವಾಗ ನನ್ನ ಗಲ್ಲ ಹಿಡಿದು, "ನೀ ಖರೆ ಹೇಳಿದಿ. ಯಾರೂ ಹೇಳ್ತಿದ್ದಿಲ್ಲ" ಎಂದರು. ಅದು ಹೊಗಳಿಕೆಯೋ ನೋವೋ ನನಗೆ ಇನ್ನೂ ಗೊತ್ತಾಗಿಲ್ಲ.

ಮೂರು ನಾಲ್ಕು ವರ್ಷವಾಗಿರಬೇಕು. ಗುರುರಾಜ ಲಿವರ್‌ಮೋರಿನಲ್ಲಿ ಮನೆ ತೆಗೆದುಕೊಂಡು ಹೋಗಿದ್ದ. ಒಂದು ಸಂಜೆ ಹಿಟ್ಟು ಕಲಸುತ್ತಿದ್ದಾಗ ಅವನ ಫೋನು ಬಂತು.

"ಕಾಕು ಹೋದ್ಲರಿ. ಊರಿಂದ ಈಗ ಫೋನ್ ಬಂದಿತ್ತು. ಮುಂಜಾನೆ ಎದ್ದಿಲ್ಲಂತ."

ಅವನೇ ಮುಂದುವರಿಸಿದ. "ಅಲ್ಲೆ ಹಿರೇರೊಬ್ಬರು ತಕರಾರು ತಗದಾರ. ಹಸರು ಸೀರಿ ಉಡಸಿ, ಕುಂಕುಮ ಹಚ್ಚಿ, ಮುತ್ತೈದಿ ಹಂಗ ಕಳಸೂದೋ ಬ್ಯಾಡೋ ಅಂತ. ಗಂಡ ಅದಾನೋ ಇಲ್ಲೋ ಮೊದಲ ಹೇಳ್ರಿ ಅಂತಾರ. ನಮಗ್ಯಾರಿಗೂ ಗೊತ್ತಿಲ್ಲ. ಕಾಕು ನಿಮ್ಮ ಮುಂದ ಏನರ ಅಂದಿದ್ಲೇನ್ರಿ?"

ಅಂಗಳದಲ್ಲಿ ಅವರನ್ನು ಮಲಗಿಸಿಕೊಂಡು ಜನ ನಿಂತಿದ್ದಾರೆ. ಉತ್ತರ ಗೊತ್ತಿರುವವಳು ಭೂಮಿಯ ಮೇಲೆ ನಾನೊಬ್ಬಳು. ಅಂಬಕ್ಕನೇ ತೀರ್ಮಾನ ಮಾಡಲಾಗದ್ದನ್ನು ನಾನು ಮಾಡಬೇಕು. ಕೋರ್ಟಿನ ಆ ಕಾಗದವನ್ನು ನಂಬಿ ಅವರನ್ನು ಬೋಳು ಹಣೆಯಲ್ಲಿ ಕಳಿಸಲು ನನ್ನಿಂದಾಗಲಿಲ್ಲ.

"ಹಚ್ಚಲಿ ಗುರುರಾಜ್. ಕುಂಕುಮ ಹಚ್ಚಿಯೇ ಕಳಿಸಲಿ" ಎಂದೆ.

"ಅಂದ್ರ ಕಾಕಾ ಇದ್ದಾರಾ?" ಅವನ ದನಿ ಏರಿತು. "ಎಲ್ಲಿದ್ದಾರ? ನೀವು ಕಂಡಿರೇನು? ಅವರಿಗೆ ತಿಳಸಬೇಕಲ್ಲರಿ! ಬೆಂಕಿ ಕೊಡೂ ಹಕ್ಕು ಅವರದು. ಎಲ್ಲಿದ್ರೂ ಹೇಳ್ರಿ, ಈಗಿಂದೀಗ ವಿಮಾನ ಹತ್ತಸ್ತೇನಿ. ಅಲ್ಲೀತನಕಾ ಕಾಯ್ರಿ ಅಂತ ಊರಿಗೆ ಹೇಳ್ಲೇನು?"

"ಬೇಡ" ಎಂದೆ. "ಕಾಯೋದು ಬೇಡ ಅಂತ ಹೇಳಿ. ಅವರು ಬರಲ್ಲ."